ಊರಿಗೆ ಊರೇ ಕತ್ತಲಾದಾಗ ಮೆಟ್ರೋ ಏನು ಮಾಡುತ್ತದೆ?

ಓದುಗರ ಪ್ರಶ್ನೆ: ಬಡಾವಣೆಯಲ್ಲಿ ಕರೆಂಟು ಹೋಗಿ ಮನೆಗಳೆಲ್ಲ ಕತ್ತಲಲ್ಲಿರುವಾಗಲೂ ಪಕ್ಕದಲ್ಲೇ ಮೆಟ್ರೋ ರೈಲು ದೀಪ ಹಾಕಿಕೊಂಡು ಓಡುತ್ತಿರುತ್ತದೆ. ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ? ಇಡೀ ನಗರದ ವಿದ್ಯುತ್ತೇ ಹೋದರೆ ಸುರಂಗದೊಳಗೆ ಸಿಕ್ಕಿಕೊಂಡವರ ಗತಿಯೇನು? ಆಸ್ಪತ್ರೆಗಳಂತೆ ಮೆಟ್ರೋ ಕೂಡ ಜನರೇಟರ್ ಇಟ್ಟುಕೊಂಡು ರೈಲು ಓಡಿಸಬಾರದೇ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದೆರಡು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಆರು ಬೋಗಿಗಳ ಒಂದು ಮೆಟ್ರೋ ರೈಲು ನಿಲ್ದಾಣದಿಂದ ಹೊರಟು ವೇಗ ಹೆಚ್ಚಿಸಿಕೊಳ್ಳುವಾಗ ಸುಮಾರು ಮೂರು ಮೆಗಾವಾಟ್ ವಿದ್ಯುತ್ ಎಳೆಯುತ್ತದೆ. ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿರುವ ಡೀಸೆಲ್ ಜನರೇಟರ್ ಸಾಮಾನ್ಯವಾಗಿ ಅರ್ಧ ಮೆಗಾವಾಟಿನಿಂದ ಒಂದು ಮೆಗಾವಾಟಿನಷ್ಟು ದೊಡ್ಡದು. ಅಂದರೆ ಒಂದು ರೈಲು ಸರಿಯಾಗಿ ಹೊರಡಬೇಕಾದರೂ ಅಂಥ ಮೂರರಿಂದ ಆರು ಯಂತ್ರಗಳು ಒಟ್ಟಿಗೆ ಬೇಕು. ಒಂದು ಮಾರ್ಗದಲ್ಲಿ ದಟ್ಟಣೆಯ ಹೊತ್ತಿಗೆ ಇಪ್ಪತ್ತು ಮೂವತ್ತು ರೈಲುಗಳಿರುತ್ತವೆ. ಅಷ್ಟೇ ಆಗಿದ್ದರೆ ದುಡ್ಡು ಸುರಿದು ಜನರೇಟರುಗಳ ಸಾಲನ್ನೇ ನಿಲ್ಲಿಸಬಹುದಿತ್ತು. ತೊಂದರೆ ಇನ್ನೊಂದಿದೆ. ರೈಲು ಕೆಲವೇ ಸೆಕೆಂಡುಗಳಲ್ಲಿ ಸೊನ್ನೆಯಿಂದ ಮೂರು ಮೆಗಾವಾಟಿಗೆ ಏರುತ್ತದೆ, ಅರ್ಧ ನಿಮಿಷದಲ್ಲಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ಬ್ರೇಕ್ ಹಾಕುವಾಗ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಇಂಥ ಏರಿಳಿತವನ್ನು ಡೀಸೆಲ್ ಎಂಜಿನ್ ತಾಳಿಕೊಳ್ಳುವುದಿಲ್ಲ. ಅದರ ವೇಗ ಕುಸಿಯುತ್ತದೆ, ರಕ್ಷಣಾ ಸಾಧನ ಅದನ್ನು ನಿಲ್ಲಿಸಿಬಿಡುತ್ತದೆ. ಆಸ್ಪತ್ರೆಯ ಹೊರೆ ಹಾಗಲ್ಲ, ಅದು ದಿನವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

ಹಾಗಾಗಿ ಮೆಟ್ರೋ ನಿಲ್ದಾಣಗಳಲ್ಲಿ ಜನರೇಟರುಗಳು ಖಂಡಿತ ಇವೆ, ಆದರೆ ರೈಲಿನ ಮೋಟಾರಿಗೂ ಅವುಗಳಿಗೂ ಸಂಬಂಧವಿಲ್ಲ. ಜನರು ಸುರಕ್ಷಿತವಾಗಿ ಹೊರಗೆ ಬರುವವರೆಗೆ ಬೇಕಾದ ದೀಪ, ಗಾಳಿ, ಪಂಪು, ಸಂಪರ್ಕ ಇವಿಷ್ಟನ್ನು ಕಾಯುವುದೇ ಅವುಗಳ ಕೆಲಸ. ವಿದ್ಯುತ್ ವೈಫಲ್ಯದ ವಿಷಯದಲ್ಲಿ ಮೆಟ್ರೋ ವಿನ್ಯಾಸದ ನೂರಾರು ನಿರ್ಧಾರಗಳು ಈ ಒಂದು ಗೆರೆಯ ಆಚೆ ಈಚೆ ಬರುತ್ತವೆ: ಓಡಾಟಕ್ಕೆ ಬೇಕಾದ ವಿದ್ಯುತ್ ಒಂದು, ಜನರನ್ನು ಹೊರತರಲು ಬೇಕಾದ ವಿದ್ಯುತ್ ಇನ್ನೊಂದು. ಮೊದಲನೆಯದಕ್ಕೆ ಗ್ರಿಡ್ಡನ್ನೇ, ಅಂದರೆ ವಿದ್ಯುದಾಗಾರಗಳನ್ನೂ ಊರುಗಳನ್ನೂ ಜೋಡಿಸುವ ದೊಡ್ಡ ವಿದ್ಯುತ್ ಜಾಲವನ್ನೇ, ನಂಬಬೇಕು. ಎರಡನೆಯದನ್ನು ಗ್ರಿಡ್ಡಿಗೆ ಬಿಡುವಂತೆಯೇ ಇಲ್ಲ.

ಈಗ ಮೊದಲ ಪ್ರಶ್ನೆ. ಮನೆಯ ಕರೆಂಟು ಹೋಗುವುದಕ್ಕೆ ಕಾರಣಗಳು ಬಹುಪಾಲು ಬೀದಿಯಲ್ಲೇ ಇರುತ್ತವೆ. ಮರದ ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಸುಟ್ಟಿರುತ್ತದೆ, 11 ಸಾವಿರ ವೋಲ್ಟಿನ ಫೀಡರ್ ಯಾವುದೋ ದೋಷಕ್ಕೆ ತಾನೇ ಬಿಡಿಸಿಕೊಂಡಿರುತ್ತದೆ. ವಿದ್ಯುತ್ ಜಾಲದ ತೀರಾ ಕೊನೆಯ ಕವಲುಗಳಿವು. ಮೆಟ್ರೋ ಈ ಕವಲುಗಳ ಹತ್ತಿರ ಬರುವುದೇ ಇಲ್ಲ. ಅದು 66, 110, 132 ಅಥವಾ 220 ಸಾವಿರ ವೋಲ್ಟಿನ ಮಟ್ಟದಲ್ಲಿ, ಅಂದರೆ ಕಾಂಡದ ಬಳಿಯೇ, ಪ್ರಸರಣ ಉಪಕೇಂದ್ರದಿಂದ ತನಗೆಂದೇ ಎಳೆದ ಕೇಬಲ್ ಮೂಲಕ ವಿದ್ಯುತ್ ಪಡೆಯುತ್ತದೆ. ನಿಮ್ಮ ಬೀದಿಯ ಕಂಬ ಉರುಳಿದ್ದು ಆ ಕೇಬಲ್ಲಿಗೆ ತಿಳಿಯುವುದೂ ಇಲ್ಲ. ವಿದ್ಯುತ್ ಕೊರತೆಯಿಂದ ಸರದಿಯ ಮೇಲೆ ಬಡಾವಣೆಗಳಿಗೆ ಕಡಿತ ಮಾಡುವಾಗಲೂ ಇಂಥ ಮಾರ್ಗಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಹೀಗೆ ಬಂದ ವಿದ್ಯುತ್ತನ್ನು ಮೆಟ್ರೋದ ಸ್ವೀಕೃತಿ ಉಪಕೇಂದ್ರದಲ್ಲಿ ಸಾಮಾನ್ಯವಾಗಿ 33 ಸಾವಿರ ವೋಲ್ಟಿಗೆ ಇಳಿಸಿ, ಹಳಿಯುದ್ದಕ್ಕೂ ಸಾಗುವ ಮೆಟ್ರೋದ್ದೇ ಆದ ಕೇಬಲ್ ಜಾಲಕ್ಕೆ ಬಿಡುತ್ತಾರೆ. ಅಲ್ಲಿಂದ ಎರಡು ದಾರಿ. ಒಂದು ಪ್ರತಿ ನಿಲ್ದಾಣದ ಸಹಾಯಕ ಉಪಕೇಂದ್ರಕ್ಕೆ ಹೋಗಿ ದೀಪ, ಲಿಫ್ಟ್, ಎಸ್ಕಲೇಟರ್, ಸಿಗ್ನಲ್‌ಗಳಿಗೆ ಬೇಕಾದ ಸಾಮಾನ್ಯ ವೋಲ್ಟೇಜ್ ಆಗುತ್ತದೆ. ಇನ್ನೊಂದು ರೈಲಿಗೆ ವಿದ್ಯುತ್ ಕೊಡುವ ಟ್ರಾಕ್ಷನ್ ಉಪಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ರೆಕ್ಟಿಫೈಯರ್ ಅದನ್ನು 750 ವೋಲ್ಟಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ ಆಗಿ ಬದಲಿಸಿ ಹಳಿಯ ಪಕ್ಕದ ಮೂರನೇ ಹಳಿಗೆ ಕೊಡುತ್ತದೆ. ಬೆಂಗಳೂರು, ಕೋಲ್ಕತ್ತಗಳಲ್ಲಿ ಇರುವುದು ಈ ಬಗೆಯದು. ನ್ಯೂಯಾರ್ಕಿನದು 625 ವೋಲ್ಟ್. ಲಂಡನ್ ಭೂಗತ ರೈಲಿಗಾದರೋ ಓಡುವ ಹಳಿಗಳೆರಡು, ವಿದ್ಯುತ್ತಿನ ಹಳಿಗಳೆರಡು, ಒಟ್ಟು ನಾಲ್ಕು. ದೆಹಲಿ, ಚೆನ್ನೈ ಮೆಟ್ರೋಗಳು ಈ ಗೊಡವೆಯೇ ಬೇಡವೆಂದು ತಲೆಯ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟಿನ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತನ್ನು ಹರಿಸುತ್ತವೆ; ಅದನ್ನು ಇಳಿಸುವ ಟ್ರಾನ್ಸ್‌ಫಾರ್ಮರನ್ನು ರೈಲೇ ಹೊತ್ತು ತಿರುಗುತ್ತದೆ.

ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅದೇ ಮೂರು ಮೆಗಾವಾಟನ್ನು 750 ವೋಲ್ಟಿನಲ್ಲಿ ಕೊಡಬೇಕಾದರೆ 4,000 ಆಂಪಿಯರ್ ಹರಿಯಬೇಕು. 25 ಸಾವಿರ ವೋಲ್ಟಿನಲ್ಲಾದರೆ 120 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ಶಕ್ತಿ ಪ್ರವಾಹದ ವರ್ಗದಂತೆ ಏರುವುದರಿಂದ, ಒಂದೇ ದಪ್ಪದ ವಾಹಕದಲ್ಲಿ ಕಡಿಮೆ ವೋಲ್ಟೇಜಿನ ನಷ್ಟ ಸಾವಿರ ಪಟ್ಟಿಗೂ ಮಿಗಿಲು. ಅದಕ್ಕೇ ಮೂರನೇ ಹಳಿಯ ಮೆಟ್ರೋಗೆ ಎರಡು ಮೂರು ಕಿಲೋಮೀಟರಿಗೊಂದು ಟ್ರಾಕ್ಷನ್ ಉಪಕೇಂದ್ರ ಬೇಕು, ಎತ್ತರದ ವೋಲ್ಟೇಜಿನ ಮೆಟ್ರೋಗೆ ಹತ್ತಾರು ಕಿಲೋಮೀಟರಿಗೊಂದಿದ್ದರೂ ನಡೆಯುತ್ತದೆ. ಆದರೆ ಮೂರನೇ ಹಳಿಗೆ ಸುರಂಗ ಚಿಕ್ಕದಿದ್ದರೂ ಸಾಕು, ರೈಲಿನ ಮೇಲೆ ಭಾರದ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಯಾವುದು ಮೇಲು ಎಂಬ ಜಗಳ ಎಂಜಿನಿಯರುಗಳ ನಡುವೆ ನೂರು ವರ್ಷದಿಂದ ನಡೆದಿದೆ. ಹೊಸದಾಗಿ ಸುರಂಗ ಕೊರೆಯುವ ನಗರ ನನ್ನನ್ನು ಕೇಳಿದರೆ 25 ಸಾವಿರ ಎನ್ನುತ್ತೇನೆ. ಆದರೂ ವೈಫಲ್ಯದ ದೃಷ್ಟಿಯಿಂದ ಡಿಸಿ ವ್ಯವಸ್ಥೆಗೆ ಒಂದು ಅನುಕೂಲವಿದೆಯೆಂದು ಒಪ್ಪಲೇಬೇಕು. ಅಕ್ಕಪಕ್ಕದ ಉಪಕೇಂದ್ರಗಳು ಒಂದೇ ಹಳಿಗೆ ಎರಡೂ ಕಡೆಯಿಂದ ವಿದ್ಯುತ್ ಕೊಡುತ್ತಿರುತ್ತವೆ. ನಡುವಿನದೊಂದು ಕೆಟ್ಟರೆ ಆಚೀಚಿನವು ಅದರ ಹೊರೆಯನ್ನು ಹಂಚಿಕೊಳ್ಳುತ್ತವೆ. ರೈಲುಗಳು ತುಸು ನಿಧಾನವಾಗಿ ವೇಗ ಪಡೆಯಬಹುದು, ಪ್ರಯಾಣಿಕರಿಗೆ ಅದು ಗೊತ್ತಾಗುವುದೂ ಅಪರೂಪ. ಎಸಿಯಲ್ಲಿ ಹಾಗೆ ಸುಮ್ಮನೆ ಜೋಡಿಸಲಾಗದು. ಎರಡು ಕಡೆಯ ವಿದ್ಯುತ್ತಿನ ತಾಳ ಹೊಂದದಿರಬಹುದಾದ್ದರಿಂದ ನಡುವೆ ವಿದ್ಯುತ್ತಿಲ್ಲದ ತುಂಡೊಂದನ್ನು ಬಿಟ್ಟಿರುತ್ತಾರೆ. ಒಂದು ಕಡೆ ಕೆಟ್ಟಾಗ ಸ್ವಿಚ್ಚುಗಳನ್ನು ಬದಲಿಸಿ ಇನ್ನೊಂದು ಕಡೆಯಿಂದ ವಿಸ್ತರಿಸಬೇಕು. ನಿಯಂತ್ರಣ ಕೇಂದ್ರದಿಂದಲೇ ಮಾಡುವ ಕೆಲಸ, ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ರೈಲು ನಿಂತಿರುತ್ತದೆ.

ಸ್ವೀಕೃತಿ ಉಪಕೇಂದ್ರಗಳೂ ಒಂದೇ ಇರುವುದಿಲ್ಲ. ಮಾರ್ಗದ ಬೇರೆ ಬೇರೆ ಕಡೆ ಎರಡೋ ಮೂರೋ ಇರುತ್ತವೆ, ಸಾಧ್ಯವಾದಷ್ಟು ಗ್ರಿಡ್ಡಿನ ಬೇರೆ ಬೇರೆ ಉಪಕೇಂದ್ರಗಳಿಂದ ವಿದ್ಯುತ್ ಪಡೆಯುತ್ತವೆ. ಪ್ರತಿಯೊಂದರಲ್ಲೂ ಎರಡು ಟ್ರಾನ್ಸ್‌ಫಾರ್ಮರ್. ಒಂದು ಕೆಟ್ಟರೂ ಇನ್ನೊಂದೇ ಹೊರೆ ಹೊರಬೇಕು. ಯಾವುದೇ ಒಂದು ಅಂಗ ಸೋತರೂ ಸೇವೆ ನಿಲ್ಲಬಾರದು ಎಂಬುದು ವಿನ್ಯಾಸದ ನಿಯಮ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಎರಡು ಮೂಲಗಳಿವೆ ಎಂದು ಯಾರಾದರೂ ಹೇಳಿದಾಗ ನಾನು ಕೇಳುವುದು ಒಂದೇ: ಅವೆರಡೂ ಎಷ್ಟು ದೂರ ಹೋದ ಮೇಲೆ ಒಂದಾಗುತ್ತವೆ? ಏಕೆಂದರೆ ಎಲ್ಲೋ ಒಂದು ಕಡೆ ಒಂದಾಗಿಯೇ ಆಗುತ್ತವೆ. ಎರಡು ಕೇಬಲ್ಲುಗಳು ಒಂದೇ ಕಂದಕದಲ್ಲಿ ಹೋಗಿದ್ದರೆ ಒಂದು ಅಗೆಯುವ ಯಂತ್ರ ಎರಡನ್ನೂ ಕಡಿಯುತ್ತದೆ. ಎರಡು ಉಪಕೇಂದ್ರಗಳಿಗೂ ಒಂದೇ ಪ್ರಸರಣ ಮಾರ್ಗವಿದ್ದರೆ ಅದು ಹೋದಾಗ ಎರಡೂ ಹೋಗುತ್ತವೆ.

ಗ್ರಿಡ್ ಎಲ್ಲೆಡೆ ಹರಡುವ ಮೊದಲು ನಗರ ರೈಲುಗಳು ಈ ಪರಾವಲಂಬನೆಯಿಲ್ಲದೆ ಬದುಕಿದ್ದವು. ನ್ಯೂಯಾರ್ಕಿನ ಸುರಂಗ ರೈಲು 1904ರಲ್ಲಿ ಶುರುವಾದಾಗ 59ನೇ ಬೀದಿಯ ಬಳಿ ಅದಕ್ಕೆಂದೇ ಕಲ್ಲಿದ್ದಲಿನ ದೊಡ್ಡ ವಿದ್ಯುದಾಗಾರ ಕಟ್ಟಿದ್ದರು. ಲಂಡನ್ನಿನ ಲಾಟ್ಸ್ ರೋಡ್ ವಿದ್ಯುದಾಗಾರ 1905ರಿಂದ 2002ರವರೆಗೆ ಭೂಗತ ರೈಲುಗಳಿಗೆ ವಿದ್ಯುತ್ ಕೊಟ್ಟಿತು. ನ್ಯೂಯಾರ್ಕ್ ನಗರ 1959ರಲ್ಲಿ ತನ್ನ ರೈಲಿನ ವಿದ್ಯುದಾಗಾರಗಳನ್ನು ವಿದ್ಯುತ್ ಕಂಪನಿಗೆ ಮಾರಿಬಿಟ್ಟಿತು. ಗ್ರಿಡ್ಡಿನ ವಿದ್ಯುತ್ ಅಗ್ಗವಾಗಿತ್ತು, ಹಳೆಯ ಬಾಯ್ಲರುಗಳನ್ನು ಸಾಕುವುದು ದುಬಾರಿಯಾಗಿತ್ತು. ಈ ಕಥೆಗೆ ಒಂದು ವಿಚಿತ್ರ ಬಾಲವೂ ಇದೆ. ಎಸಿಯನ್ನು ಡಿಸಿಯಾಗಿಸಲು ಆ ಕಾಲದಲ್ಲಿ ಬಳಸುತ್ತಿದ್ದ, ಆಳೆತ್ತರದ ಚಕ್ರದಂತೆ ತಿರುಗುವ ರೋಟರಿ ಕನ್ವರ್ಟರುಗಳಲ್ಲಿ ಕೊನೆಯದು ನ್ಯೂಯಾರ್ಕಿನಲ್ಲಿ ನಿವೃತ್ತಿಯಾದದ್ದು 1999ರಲ್ಲಿ. ವಿದ್ಯುತ್ತಿನ ಯಂತ್ರಗಳನ್ನು ಒಮ್ಮೆ ನೆಟ್ಟಗೆ ಕಟ್ಟಿದರೆ ಕಟ್ಟಿದವರ ಮೊಮ್ಮಕ್ಕಳ ಕಾಲಕ್ಕೂ ಓಡುತ್ತವೆ.

ಲಾಟ್ಸ್ ರೋಡ್ ಮುಚ್ಚಿ ಒಂದು ವರ್ಷವೂ ತುಂಬಿರಲಿಲ್ಲ. 2003ರ ಆಗಸ್ಟ್ 28ರ ಸಂಜೆ ಆರೂ ಇಪ್ಪತ್ತರ ಸುಮಾರಿಗೆ, ಜನ ಕಚೇರಿ ಬಿಟ್ಟು ಮನೆಗೆ ಹೊರಟ ಹೊತ್ತಿನಲ್ಲಿ, ದಕ್ಷಿಣ ಲಂಡನ್ನಿನಲ್ಲಿ ವಿದ್ಯುತ್ ಹೋಯಿತು. ಭೂಗತ ರೈಲು ಜಾಲದ ಅರ್ಧಕ್ಕೂ ಹೆಚ್ಚು ಭಾಗ ನಿಂತಿತು. ಆಮೇಲೆ ಹುಡುಕಿದಾಗ ಸಿಕ್ಕ ಕಾರಣ ಇದು: ಒಂದು ಟ್ರಾನ್ಸ್‌ಫಾರ್ಮರಿನಿಂದ ಎಚ್ಚರಿಕೆಯ ಸಂಕೇತ ಬಂದದ್ದರಿಂದ ಅದನ್ನು ಬಿಡಿಸಿ ಹೊರೆಯನ್ನು ಬೇರೆ ಮಾರ್ಗಕ್ಕೆ ಹೊರಳಿಸಿದರು, ಆ ಮಾರ್ಗದಲ್ಲಿ 5 ಆಂಪಿಯರಿನ ರಕ್ಷಣಾ ರಿಲೇ (ಹೊರೆ ಮಿತಿ ಮೀರಿದರೆ ಮಾರ್ಗವನ್ನು ಕಡಿಯುವ ಸಾಧನ) ಇರಬೇಕಾದ ಕಡೆ ಯಾರೋ 1 ಆಂಪಿಯರಿನದನ್ನು ಕೂರಿಸಿದ್ದರು. ಅದು ಮಾಮೂಲಿ ಹೊರೆಯನ್ನೇ ದೋಷವೆಂದು ಭಾವಿಸಿ ಮಾರ್ಗವನ್ನು ಕಡಿದುಹಾಕಿತು. ವಿದ್ಯುತ್ ಇಲ್ಲದಿದ್ದದ್ದು ಅರ್ಧ ಗಂಟೆಗೆ ತುಸು ಹೆಚ್ಚು, ರೈಲುಗಳ ಅವ್ಯವಸ್ಥೆ ಮಾತ್ರ ಆ ಸಂಜೆಯಿಡೀ. ಸ್ವಂತ ವಿದ್ಯುದಾಗಾರ ಉಳಿಸಿಕೊಂಡಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ. ಒಂಟಿ ವಿದ್ಯುದಾಗಾರವೂ ಕೆಡುತ್ತದೆ, ಅದು ಕೆಟ್ಟಾಗ ನೆರವಿಗೆ ಬರಬೇಕಾದದ್ದು ಮತ್ತೆ ಗ್ರಿಡ್ಡೇ. ಅಲ್ಲಿ ಬೇಕಾಗಿದ್ದದ್ದು ವಿದ್ಯುದಾಗಾರವಲ್ಲ, ರಿಲೇಯ ಮೇಲಿನ ಅಂಕಿಯನ್ನು ಓದುವ ಒಬ್ಬ ಮನುಷ್ಯ.

ಬಡಾವಣೆಯ ಕತ್ತಲು, ನಗರದ ಕತ್ತಲು ಇವೆರಡಕ್ಕಿಂತ ಬೇರೆಯದು ಇಡೀ ಗ್ರಿಡ್ಡಿನ ಕುಸಿತ. ಗ್ರಿಡ್ಡಿಗೆ ಸೇರಿದ ಜನರೇಟರುಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ, ಎಲ್ಲವೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಹೆಜ್ಜೆಯ ಲೆಕ್ಕ ಸೆಕೆಂಡಿಗೆ 50 ಆವರ್ತ, ಕೆಲವು ದೇಶಗಳಲ್ಲಿ 60. ದೊಡ್ಡ ಜನರೇಟರೊಂದು ಥಟ್ಟನೆ ಕಳಚಿಕೊಂಡರೆ ಉಳಿದವುಗಳ ಮೇಲೆ ಹೊರೆ ಬಿದ್ದು ಆವರ್ತನ ಇಳಿಯುತ್ತದೆ. ತೀರಾ ಇಳಿದರೆ ಒಂದೊಂದೇ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಬಿಡಿಸಿಕೊಳ್ಳುತ್ತದೆ, ಆಗ ಉಳಿದವುಗಳಿಗೆ ಇನ್ನಷ್ಟು ಹೊರೆ. ಸೆಕೆಂಡುಗಳ ಆಟ. 2012ರ ಜುಲೈ 30ರ ನಡುರಾತ್ರಿ ಕಳೆದು ಎರಡೂವರೆಗೆ ಉತ್ತರ ಭಾರತದ ಗ್ರಿಡ್ ಹೀಗೆ ಬಿತ್ತು. ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನ ಒಂದರ ಹೊತ್ತಿಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿದ್ದರು. ಎರಡನೆಯ ಸಲ ವಿದ್ಯುತ್ ಹೋದಾಗ ದೆಹಲಿ ಮೆಟ್ರೋದ ರೈಲುಗಳು ಓಡಾಟದಲ್ಲಿದ್ದವು. ನಡುದಾರಿಯಲ್ಲಿ ನಿಂತವುಗಳಿಂದ ಪ್ರಯಾಣಿಕರನ್ನು ಹೊರತರಬೇಕಾಯಿತು. ಎರಡು ಮೂಲ, ಮೂರು ಮೂಲ, ಬೇರೆ ಬೇರೆ ಉಪಕೇಂದ್ರ ಎಂಬ ಲೆಕ್ಕಾಚಾರಗಳೆಲ್ಲ ಇಂಥ ದಿನ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಮೂಲಗಳೂ ಆ ಒಂದೇ ಗ್ರಿಡ್ಡಿನವು.

ಇನ್ನು ಸುರಂಗದೊಳಗಿನವರ ಗತಿ. ವಿದ್ಯುತ್ ಹೋದ ಕ್ಷಣ ರೈಲಿನಲ್ಲಿ ಏನಾಗುತ್ತದೆಂದು ನೋಡೋಣ.

ಮೋಟಾರುಗಳು ನಿಲ್ಲುತ್ತವೆ, ಹವಾನಿಯಂತ್ರಣ ನಿಲ್ಲುತ್ತದೆ. ದೀಪಗಳಲ್ಲಿ ಕೆಲವು ಮಾತ್ರ ಉಳಿಯುತ್ತವೆ. ಬೋಗಿಯ ಕೆಳಗಿರುವ 110 ವೋಲ್ಟಿನ ಬ್ಯಾಟರಿ ತುರ್ತು ದೀಪ, ಘೋಷಣೆ, ರೇಡಿಯೋ, ಬಾಗಿಲುಗಳ ನಿಯಂತ್ರಣ, ಕಡಿಮೆ ವೇಗದ ಗಾಳಿ ಇವುಗಳನ್ನು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಡೆಸುತ್ತದೆ. ಬ್ರೇಕಿಗೆ ವಿದ್ಯುತ್ ಬೇಕಲ್ಲ ಎಂದು ಹಲವರು ಹೆದರುತ್ತಾರೆ. ಬೇಕಿಲ್ಲ. ಕೂಡಿಟ್ಟ ಗಾಳಿಯ ಒತ್ತಡದಿಂದ ಬ್ರೇಕ್ ಬೀಳುತ್ತದೆ. ನಿಂತ ರೈಲನ್ನು ಹಿಡಿದಿಡುವ ಬ್ರೇಕನ್ನು ಸ್ಪ್ರಿಂಗುಗಳೇ ಒತ್ತುತ್ತವೆ, ಗಾಳಿ ಅದನ್ನು ಬಿಡಿಸುತ್ತದೆ. ಅಂದರೆ ಎಲ್ಲ ಶಕ್ತಿಯೂ ಸೋರಿಹೋದರೆ ರೈಲು ನಿಲ್ಲುತ್ತದೆಯೇ ಹೊರತು ಹಿಡಿತ ತಪ್ಪಿ ಓಡುವುದಿಲ್ಲ.

ಓಡುತ್ತಿದ್ದ ರೈಲಿಗೆ ವಿದ್ಯುತ್ ಹೋದರೆ ಅದು ತಕ್ಷಣ ನಿಲ್ಲಬೇಕೆಂದೇನೂ ಇಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ತೀರಾ ಕಡಿಮೆ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿರುವ ರೈಲಿನ ಚಲನಶಕ್ತಿಯಷ್ಟರಿಂದಲೇ, ಘರ್ಷಣೆಯನ್ನು ಬದಿಗಿಟ್ಟರೆ, ಅದು 19 ಮೀಟರ್ ಎತ್ತರ ಏರಬಲ್ಲದು. ನಿಲ್ದಾಣಗಳ ನಡುವಿನ ದೂರ ಸಾಮಾನ್ಯವಾಗಿ ಒಂದು ಒಂದೂವರೆ ಕಿಲೋಮೀಟರ್. ವೇಗ ಪಡೆದ ಮೇಲೆ ವಿದ್ಯುತ್ ಹೋದರೆ, ಸಿಗ್ನಲ್ ಬ್ಯಾಟರಿಯ ಮೇಲೆ ಜೀವಂತವಾಗಿದ್ದು ಮುಂದಿನ ನಿಲ್ದಾಣ ಖಾಲಿಯಿದ್ದರೆ, ಚಾಲಕ ಬ್ರೇಕ್ ಮುಟ್ಟದೆ ರೈಲನ್ನು ಉರುಳಿಸಿಕೊಂಡು ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸುತ್ತಾನೆ. ಚಾಲಕರಿಗೆ ಇದನ್ನು ಕಲಿಸಿಯೇ ಇರುತ್ತಾರೆ. ಸಿಕ್ಕಿಬೀಳುವವು ಆಗಷ್ಟೇ ನಿಲ್ದಾಣ ಬಿಟ್ಟ ರೈಲುಗಳು, ಮುಂದಿನ ರೈಲಿಗಾಗಿ ಕೆಂಪು ಸಿಗ್ನಲಿನ ಹಿಂದೆ ಕಾದಿದ್ದ ರೈಲುಗಳು. ದಟ್ಟಣೆಯ ಹೊತ್ತಿನಲ್ಲಿ ಇಂಥವೇ ಹೆಚ್ಚು. 1900ರಲ್ಲಿ ತೆರೆದ ಸೆಂಟ್ರಲ್ ಲಂಡನ್ ರೈಲ್ವೆಯಲ್ಲಿ ನಿಲ್ದಾಣಗಳನ್ನು ಸುರಂಗದ ಉಳಿದ ಭಾಗಕ್ಕಿಂತ ತುಸು ಎತ್ತರದಲ್ಲಿ ಕಟ್ಟಿದ್ದರು. ಬರುವಾಗ ಏರು ರೈಲನ್ನು ನಿಧಾನಿಸುತ್ತದೆ, ಹೊರಡುವಾಗ ಇಳಿಜಾರು ತಳ್ಳುತ್ತದೆ, ವಿದ್ಯುತ್ ಉಳಿಯುತ್ತದೆ. ಬುದ್ಧಿವಂತಿಕೆಯ ಉಪಾಯ, ಈಗಲೂ ಹಲವೆಡೆ ಬಳಸುತ್ತಾರೆ. ಅದರ ಇನ್ನೊಂದು ಮುಖವೆಂದರೆ ನಡುವೆ ನಿಂತ ರೈಲಿಗೆ ಎರಡೂ ಕಡೆ ಏರು.

ಸುರಂಗದಲ್ಲಿ ನಿಂತ ರೈಲಿನ ಮೊದಲ ಶತ್ರು ಕತ್ತಲಲ್ಲ, ಸೆಕೆ. ಓಡುವ ರೈಲು ತನ್ನ ಮುಂದಿನ ಗಾಳಿಯನ್ನು ತಳ್ಳುತ್ತ, ಹಿಂದಿನಿಂದ ಹೊಸ ಗಾಳಿಯನ್ನು ಎಳೆಯುತ್ತ ಸುರಂಗಕ್ಕೆ ಉಸಿರಾಡಿಸುತ್ತಿರುತ್ತದೆ. ರೈಲುಗಳೆಲ್ಲ ನಿಂತಾಗ ಆ ಉಸಿರೂ ನಿಲ್ಲುತ್ತದೆ, ಸಾವಿರಕ್ಕೂ ಹೆಚ್ಚು ಜನರ ಮೈಶಾಖ ಮಾತ್ರ ಮುಂದುವರಿಯುತ್ತದೆ. ಜನರೇಟರ್ ಮೊದಲು ಎಚ್ಚೆತ್ತು ಸುರಂಗದ ದೊಡ್ಡ ಫ್ಯಾನುಗಳಿಗೆ ವಿದ್ಯುತ್ ಕೊಡಬೇಕಾದದ್ದು ಇದಕ್ಕೇ. ಜನರೇಟರ್ ಹಿಡಿದುಕೊಳ್ಳಲು ಹತ್ತಾರು ಸೆಕೆಂಡು ಬೇಕು. ಆ ಅಂತರವನ್ನೂ ಸಹಿಸದ ಸಿಗ್ನಲ್, ರೇಡಿಯೋ, ನಿಯಂತ್ರಣ ಕೇಂದ್ರದ ಕಂಪ್ಯೂಟರುಗಳು ಯುಪಿಎಸ್ ಬ್ಯಾಟರಿಗಳ ಮೇಲಿರುತ್ತವೆ. ಆಮೇಲಿನ ಸರದಿ ಪಂಪುಗಳದು. ನೆಲದಡಿಯ ನೀರು ಸುರಂಗಕ್ಕೆ ಒಸರುತ್ತಲೇ ಇರುತ್ತದೆ. ನ್ಯೂಯಾರ್ಕಿನ ಸುರಂಗ ರೈಲು ವ್ಯವಸ್ಥೆ ಮಳೆಯಿಲ್ಲದ ದಿನವೂ ಸುಮಾರು 1.3 ಕೋಟಿ ಗ್ಯಾಲನ್, ಅಂದರೆ ಐದು ಕೋಟಿ ಲೀಟರಿನಷ್ಟು ನೀರನ್ನು ಹೊರಹಾಕಬೇಕು. ವಿದ್ಯುತ್ ಇಲ್ಲದೆ ಒಂದು ದಿನ ಕಳೆದರೆ ಪ್ರಯಾಣಿಕರೆಲ್ಲ ಮನೆ ಸೇರಿದ್ದರೂ ಹಳಿಗಳು ನೀರಿನಲ್ಲಿರುತ್ತವೆ.

ರೈಲು ಅಲುಗಾಡುವ ಸಾಧ್ಯತೆಯಿಲ್ಲವೆಂದು ಖಚಿತವಾದ ಮೇಲೆ ಜನರನ್ನು ನಡೆಸಿಕೊಂಡು ಹೋಗುತ್ತಾರೆ, ಹೊಸ ಸುರಂಗಗಳಲ್ಲಿ ಪಕ್ಕದ ಕಾಲುದಾರಿಯಲ್ಲಿ, ಹಳೆಯವುಗಳಲ್ಲಿ ಹಳಿಯ ಮೇಲೆಯೇ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕರೆಂಟು ಹೋಗಿದೆಯಲ್ಲ, ಇನ್ನೇನು ಅಪಾಯ ಎಂದು ಬಾಗಿಲು ತೆರೆದುಕೊಂಡು ಇಳಿಯುವುದು ಈ ಇಡೀ ಪ್ರಕರಣದಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಹೋದ ವಿದ್ಯುತ್ ಯಾವ ಕ್ಷಣದಲ್ಲಾದರೂ ಬರಬಹುದು, ಮೂರನೇ ಹಳಿ ಆ ಕ್ಷಣವೇ ಕೊಲ್ಲುತ್ತದೆ. ಸಿಬ್ಬಂದಿ ಮೊದಲು ನಿಯಂತ್ರಣ ಕೇಂದ್ರದಿಂದ ಆ ಭಾಗಕ್ಕೆ ವಿದ್ಯುತ್ ಕಡಿಯುವ ದೊಡ್ಡ ಸ್ವಿಚ್ಚುಗಳನ್ನು ಯಾರೂ ಮತ್ತೆ ಹಾಕಲಾಗದಂತೆ ಆರಿಸಿಡಿಸಿ, ಹಳಿಯನ್ನು ಭೂಮಿಗೆ ಜೋಡಿಸಿ, ಆಮೇಲೆ ಇಳಿಸುತ್ತಾರೆ. ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸಿದರು ಎಂಬ ದೂರಿನ ಹಿಂದೆ ಬಹಳ ಸಲ ಈ ಕೆಲಸ ಇರುತ್ತದೆ. ತಾವೇ ಇಳಿದವರು ತಮ್ಮ ಜೀವವನ್ನಷ್ಟೇ ಅಲ್ಲ, ಎಲ್ಲರ ಸಮಯವನ್ನೂ ಪಣಕ್ಕಿಡುತ್ತಾರೆ. ಹಳಿಯ ಮೇಲೆ ಒಬ್ಬರಾದರೂ ಇರಬಹುದೆಂಬ ಅನುಮಾನವಿದ್ದರೆ ವಿದ್ಯುತ್ ಬಂದರೂ ಕೊಡುವಂತಿಲ್ಲ.

ನೆಟ್ಟಗೆ ಮಾಡಿದರೆ ಇದು ಎಷ್ಟು ದೊಡ್ಡ ಪ್ರಮಾಣದಲ್ಲೂ ಸಾಧ್ಯ ಎಂಬುದಕ್ಕೆ 2003ರ ಆಗಸ್ಟ್ 14 ಸಾಕ್ಷಿ. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸಂಜೆ ನಾಲ್ಕೂ ಹತ್ತರ ಸುಮಾರಿಗೆ ಗ್ರಿಡ್ ಕುಸಿದು ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ ತಪ್ಪಿತು. ನ್ಯೂಯಾರ್ಕಿನ ಸುರಂಗ ರೈಲು ಜಾಲದಲ್ಲಿ ಆಗ ನಾನೂರಕ್ಕೂ ಹೆಚ್ಚು ರೈಲುಗಳು, ಅವುಗಳಲ್ಲಿ ನಾಲ್ಕು ಲಕ್ಷದಷ್ಟು ಜನ. ಕೆಲವೇ ಗಂಟೆಗಳಲ್ಲಿ ಎಲ್ಲರೂ ನೆಲದ ಮೇಲಿದ್ದರು. ನಗರಕ್ಕೆ ವಿದ್ಯುತ್ ಪೂರ್ತಿ ಮರಳಿದ್ದು ಮರುದಿನ ರಾತ್ರಿ ಒಂಬತ್ತರ ಹೊತ್ತಿಗೆ. ರೈಲುಗಳು ಸಾಮಾನ್ಯ ಸ್ಥಿತಿಗೆ ಬಂದದ್ದು ಅದರ ಮರುದಿನ ಬೆಳಿಗ್ಗೆ. 2025ರ ಏಪ್ರಿಲ್ 28ರಂದು ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್‌ಗಳ ಗ್ರಿಡ್ ಕುಸಿದಾಗಲೂ ಹೀಗೆಯೇ ಆಯಿತು. ಮ್ಯಾಡ್ರಿಡ್ ಮೆಟ್ರೋ ಖಾಲಿಯಾಯಿತು, ಮರುದಿನ ಬೆಳಿಗ್ಗೆ ಮತ್ತೆ ಬಾಗಿಲು ತೆರೆಯಿತು.

ವಿದ್ಯುತ್ ಬಂದ ಮೇಲೂ ಇಷ್ಟು ಹೊತ್ತೇಕೆ ಎಂಬುದು ನೀವು ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ. ಸುರಂಗಗಳಲ್ಲಿ ಯಾರೂ ಉಳಿದಿಲ್ಲವೆಂದು ನಡೆದು ನೋಡಬೇಕು. ನಿಂತುಹೋದ ಪ್ರತಿ ಸಿಗ್ನಲ್, ಪ್ರತಿ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಸಾಧನ) ಸರಿಯಾಗಿ ಎಚ್ಚೆತ್ತಿದೆಯೇ ಎಂದು ಪರೀಕ್ಷಿಸಬೇಕು. ಬ್ಯಾಟರಿ ಬರಿದಾದ ರೈಲುಗಳನ್ನು ಎಬ್ಬಿಸಬೇಕು. ಎಲ್ಲ ರೈಲುಗಳೂ ಒಮ್ಮೆಗೇ ಗಾಳಿ ತುಂಬಿಕೊಂಡು, ಹವಾನಿಯಂತ್ರಣ ಹಾಕಿಕೊಂಡು, ಒಟ್ಟಿಗೆ ಹೊರಟರೆ ಆಗಷ್ಟೇ ಎದ್ದು ನಿಂತ ಗ್ರಿಡ್ ಮತ್ತೆ ಮಂಡಿಯೂರಬಹುದು. ಆದ್ದರಿಂದ ವಿದ್ಯುತ್ ಕಂಪನಿಯೊಡನೆ ಮಾತಾಡಿಕೊಂಡು ಒಂದೊಂದಾಗಿ ಬಿಡುತ್ತಾರೆ.

ಇದಕ್ಕಿಂತ ವಿಚಿತ್ರವಾದದ್ದು 2019ರ ಆಗಸ್ಟ್ 9ರಂದು ಬ್ರಿಟನ್ನಿನಲ್ಲಿ ನಡೆಯಿತು. ಸಿಡಿಲು ಬಡಿದ ಬೆನ್ನಿಗೇ ಸಮುದ್ರದ ಗಾಳಿಯಂತ್ರಗಳ ಒಂದು ಕೇಂದ್ರ, ಅನಿಲದ ಒಂದು ವಿದ್ಯುದಾಗಾರ ಎರಡೂ ಕಳಚಿಕೊಂಡು ಗ್ರಿಡ್ಡಿನ ಆವರ್ತನ 48.8ಕ್ಕೆ ಇಳಿಯಿತು. ಸುಮಾರು ಹತ್ತು ಲಕ್ಷ ಗ್ರಾಹಕರ ಸಂಪರ್ಕ ತಾನಾಗಿ ಕಡಿದು ಗ್ರಿಡ್ ಉಳಿಯಿತು, ಮುಕ್ಕಾಲು ಗಂಟೆಯೊಳಗೆ ಎಲ್ಲರಿಗೂ ವಿದ್ಯುತ್ ಬಂತು. ಆದರೆ ಲಂಡನ್ ಸುತ್ತಲಿನ ಉಪನಗರ ಮಾರ್ಗಗಳ ಒಂದು ಬಗೆಯ ಹೊಸ ರೈಲುಗಳಲ್ಲಿ, ಆವರ್ತನ 49ಕ್ಕಿಂತ ಕೆಳಗಿಳಿದರೆ ನಿಂತುಬಿಡು ಎಂದು ತಂತ್ರಾಂಶದಲ್ಲಿ ಬರೆದಿತ್ತು. ಅಂಥ ಅರವತ್ತರಷ್ಟು ರೈಲುಗಳು ನಿಂತವು. ಅವುಗಳ ಮೇಲಿನ ತಂತಿಯಲ್ಲಿ ವಿದ್ಯುತ್ ಒಂದು ಕ್ಷಣವೂ ಹೋಗಿರಲಿಲ್ಲ! ಸುಮಾರು ಅರ್ಧದಷ್ಟು ರೈಲುಗಳನ್ನು ಚಾಲಕ ತಾನೇ ಮತ್ತೆ ಚಾಲೂ ಮಾಡಲು ಆಗಲಿಲ್ಲ. ತಂತ್ರಜ್ಞ ಲ್ಯಾಪ್‌ಟಾಪ್ ಹಿಡಿದು ಒಂದೊಂದರ ಬಳಿಗೂ ಹೋಗಬೇಕಾಯಿತು. ಶುಕ್ರವಾರದ ಸಂಜೆ, ಮುಂದಿನ ರೈಲು ಕದಲದ ಹೊರತು ಹಿಂದಿನದೂ ಕದಲದು. ಜನ ಗಂಟೆಗಟ್ಟಲೆ ಕಾದರು. ವಿದ್ಯುತ್ ವೈಫಲ್ಯದ ಬಗ್ಗೆ ಯಾರಾದರೂ ನನ್ನೊಡನೆ ಜನರೇಟರಿನ ಗಾತ್ರ ಚರ್ಚಿಸಲು ಬಂದರೆ ಈ ಪ್ರಕರಣವನ್ನು ಮೊದಲು ಓದಿಕೊಂಡು ಬನ್ನಿ ಎನ್ನುತ್ತೇನೆ.

ಕೊನೆಗೆ ಹೊಸ ದಾರಿಗಳು. ಮೊದಲು ಹೇಳಿದ ಮೂರು ಮೆಗಾವಾಟಿನ ಲೆಕ್ಕ ನೋಡಿ ಎದೆಗುಂದಬೇಕಿಲ್ಲ. ಅದು ಬಿರುಸಾಗಿ ವೇಗ ಪಡೆಯಲು ಬೇಕಾದ ವಿದ್ಯುತ್. 300 ಟನ್ ತೂಕದ ತುಂಬಿದ ರೈಲನ್ನು ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ, ಹತ್ತು ಮೀಟರ್ ಏರನ್ನೂ ಸೇರಿಸಿ, ಒಂದು ಕಿಲೋಮೀಟರ್ ಆಚಿನ ನಿಲ್ದಾಣಕ್ಕೆ ತೆವಳಿಸಲು ಹದಿನೈದು ಯೂನಿಟ್ಟಿಗಿಂತ ಹೆಚ್ಚು ಬೇಕಾಗುವುದಿಲ್ಲ. ವಿದ್ಯುತ್ ಕಾರಿನ ಬ್ಯಾಟರಿಯೊಂದರಲ್ಲೇ ಅದರ ಎರಡು ಮೂರು ಪಟ್ಟು ಇರುತ್ತದೆ. ಟೋಕಿಯೊ ಮೆಟ್ರೋದ ಗಿಂಜಾ ಮಾರ್ಗದ 1000 ಸರಣಿಯ ರೈಲುಗಳು ಇದಕ್ಕೆಂದೇ ತುರ್ತು ಬ್ಯಾಟರಿ ಹೊತ್ತಿವೆ. 2020ರಲ್ಲಿ ಬಂದ ಜಪಾನಿನ ಬುಲೆಟ್ ರೈಲು ಎನ್700ಎಸ್ ಶಿಂಕಾನ್‌ಸೆನ್‌ನಲ್ಲೂ ಸೇತುವೆ ಅಥವಾ ಸುರಂಗದಲ್ಲಿ ಸಿಕ್ಕಿಬಿದ್ದರೆ ಸುರಕ್ಷಿತ ಜಾಗಕ್ಕೆ ತೆವಳುವ ಬ್ಯಾಟರಿ ಇದೆ. ಜನರನ್ನು ಕತ್ತಲ ಸುರಂಗದಲ್ಲಿ ನಡೆಸುವುದಕ್ಕಿಂತ ರೈಲನ್ನೇ ಪ್ಲಾಟ್‌ಫಾರ್ಮಿಗೆ ತರುವುದು ಎಷ್ಟೋ ಮೇಲು. ಗಾಲಿಕುರ್ಚಿಯಲ್ಲಿರುವವರಿಗೆ, ವಯಸ್ಸಾದವರಿಗೆ ಅದೊಂದೇ ಮರ್ಯಾದೆಯ ದಾರಿ. ಈಗ ಬರೆಯುತ್ತಿರುವ ಯಾವುದೇ ಸುರಂಗ ಮೆಟ್ರೋದ ರೈಲು ಖರೀದಿಯ ಷರತ್ತುಗಳಲ್ಲಿ ಇದು ಇಲ್ಲದಿದ್ದರೆ, ಯಾಕಿಲ್ಲ ಎಂದು ಕೇಳುವ ಹಕ್ಕು ಪ್ರಯಾಣಿಕರಿಗಿದೆ.

ಬ್ಯಾಟರಿಗೆ ದಿನನಿತ್ಯದ ಕೆಲಸವೂ ಉಂಟು. ಬ್ರೇಕ್ ಹಾಕುವ ರೈಲು ಹಿಂದಿರುಗಿಸುವ ವಿದ್ಯುತ್ ಕಡಿಮೆಯೇನಲ್ಲ, ಎಳೆದದ್ದರ ಮೂರನೇ ಒಂದು ಭಾಗದವರೆಗೂ ಇರಬಹುದು. ಸಾಮಾನ್ಯ ರೆಕ್ಟಿಫೈಯರ್ ಮೂಲಕ ಅದು ಗ್ರಿಡ್ಡಿಗೆ ಮರಳಲಾರದು. ಹತ್ತಿರದಲ್ಲಿ ಆ ಹೊತ್ತಿಗೇ ಹೊರಡುವ ರೈಲಿದ್ದರೆ ಅದು ಬಳಸಿಕೊಳ್ಳುತ್ತದೆ, ಇಲ್ಲದಿದ್ದರೆ ಶಾಖವಾಗಿ ಹಾಳಾಗುತ್ತದೆ. ಹಳಿಯ ಪಕ್ಕದ ಉಪಕೇಂದ್ರದಲ್ಲಿ ಬ್ಯಾಟರಿಯೋ ಸೂಪರ್ ಕೆಪಾಸಿಟರೋ (ವಿದ್ಯುತ್ತನ್ನು ಥಟ್ಟನೆ ತುಂಬಿಕೊಂಡು ಥಟ್ಟನೆ ಕೊಡುವ ಸಾಧನ) ಇದ್ದರೆ ಅದನ್ನು ಹಿಡಿದಿಟ್ಟುಕೊಂಡು ಮುಂದಿನ ರೈಲಿಗೆ ಕೊಡಬಹುದು, ಕತ್ತಲಾದ ದಿನ ಸಿಕ್ಕಿಬಿದ್ದ ರೈಲುಗಳನ್ನು ಒಂದೊಂದಾಗಿ ನಿಲ್ದಾಣಕ್ಕೆ ಕರೆಸಿಕೊಳ್ಳಬಹುದು.

ನೀವು ಮೆಟ್ರೋ ಬಗ್ಗೆ ಮಾತ್ರ ಕೇಳಿದ್ದೀರಿ, ಆದರೂ ವಿದ್ಯುತ್ ಬಸ್ಸುಗಳ ಬಗ್ಗೆ ಎರಡು ಮಾತು. ಅವು ಶಕ್ತಿಯನ್ನು ಜೊತೆಯಲ್ಲೇ ಹೊತ್ತಿರುವುದರಿಂದ ಮಧ್ಯಾಹ್ನ ಗ್ರಿಡ್ ಬಿದ್ದರೂ ಸಂಜೆಯವರೆಗೆ ಓಡುತ್ತವೆ. ನಿಂತ ಮೆಟ್ರೋದ ಜನರನ್ನು ಮನೆಗೆ ಮುಟ್ಟಿಸುವವೂ ಅವೇ. ಅವುಗಳ ಸಂಕಟ ರಾತ್ರಿಯದು. ನೂರು ಬಸ್ಸುಗಳ ಡಿಪೋ, ಬಸ್ಸಿಗೆ 200 ಯೂನಿಟ್ ಎಂದಿಟ್ಟುಕೊಂಡರೆ, ಒಂದು ರಾತ್ರಿಗೆ 20 ಸಾವಿರ ಯೂನಿಟ್ ತುಂಬಿಸಿಕೊಳ್ಳಬೇಕು. ಆರು ಗಂಟೆಗಳಲ್ಲಿ ಮುಗಿಯಬೇಕಾದ ಆ ಕೆಲಸದ ನಡುವೆ ಮೂರು ಗಂಟೆ ವಿದ್ಯುತ್ ಹೋದರೆ ಬೆಳಿಗ್ಗೆ ಅರ್ಧದಷ್ಟು ಶಕ್ತಿ ಮಾತ್ರ ಇರುತ್ತದೆ. ಆಗ ಎಲ್ಲ ಬಸ್ಸುಗಳಿಗೂ ಅರ್ಧರ್ಧ ತುಂಬಿಸುವುದೋ, ಅರ್ಧ ಬಸ್ಸುಗಳಿಗೆ ಪೂರ್ತಿ ತುಂಬಿಸುವುದೋ ಎಂಬುದನ್ನು ಡಿಪೋ ವ್ಯವಸ್ಥಾಪಕರು ಮೊದಲೇ ಬರೆದಿಟ್ಟಿರಬೇಕು. ಬೆಳಗಿನ ದಟ್ಟಣೆ ಎರಡು ಮೂರು ಗಂಟೆಯದು, ಮಧ್ಯಾಹ್ನ ಮತ್ತೆ ತುಂಬಿಸಿಕೊಳ್ಳಲು ಬಿಡುವು ಸಿಗುತ್ತದೆ. ಆದ್ದರಿಂದ ನಾನಾದರೆ ಎಲ್ಲಕ್ಕೂ ಅರ್ಧರ್ಧ ತುಂಬಿಸುತ್ತೇನೆ.